ಐಸಣ್ಣ ಮಾಡಿದ ಜೋಪಾನ

ನನ್ನ ಅಣ್ಣನನ್ನು ಊರೆಲ್ಲ ಐಸಣ್ಣ ಎಂದೇ ಕರೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಐಸ್ ಕಾರ್ಖಾನೆಯಲ್ಲಿ ಕೆಲಸ. ದೊಡ್ಡ ಗಡ್ಡೆಗಳನ್ನು ಗರಗಸದಿಂದ ಕೊಯ್ದು, ಗೋಣಿಯಲ್ಲಿ ಸುತ್ತಿ, ಮೀನಿನ ಅಂಗಡಿಗಳಿಗೆ ಮುಟ್ಟಿಸುವವನು ಅವನೇ. ಕರೆಂಟು ಹೋದರೆ ಇನ್ಸುಲಿನ್ ಉಳಿಸಿಕೊಳ್ಳಲು ಔಷಧಿ ಅಂಗಡಿಯವರು ಅವನನ್ನೇ ಕೂಗುತ್ತಾರೆ. ದೂರದ ಮಕ್ಕಳು ಬಂದು ಮುಖ ನೋಡುವವರೆಗೆ ಹೆಣ ಕಾಯಲೂ ಅವನ ಐಸೇ ಬೇಕು. ಯಾವುದೇ ಆದರೂ ಕೆಡುವುದು ಬಿಸಿಗೆ, ಉಳಿಯುವುದು ತಂಪಿನಲ್ಲಿ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಜಾಣತನವೇ ಅವನ ತಲೆಯ ಮೇಲೆ ಕಲ್ಲು ಹಾಕಿತು.

ಮದುವೆಯಾಗಿ ಹದಿಮೂರು ವರ್ಷವಾದರೂ ಮಕ್ಕಳಿರಲಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ನೋಟ್‌ಬುಕ್ ಹೊಲಿಯುವ ನನ್ನ ಅತ್ತಿಗೆಗೆ ಆಗಲೇ ನಲವತ್ತೊಂದು. ಡಾಕ್ಟರಮ್ಮ ಐಯುಐ ಮಾಡೋಣ ಎಂದರು. ಗಂಡನ ವೀರ್ಯವನ್ನು ತೊಳೆದು, ಚುರುಕಾಗಿ ಓಡಾಡುವುದನ್ನಷ್ಟೇ ಆರಿಸಿ, ತೆಳ್ಳನೆಯ ನಳಿಕೆಯಲ್ಲಿ ಗರ್ಭಕೋಶದೊಳಕ್ಕೆ ಬಿಡುವ ಚಿಕಿತ್ಸೆ. ಎರಡು ಸಲ ಮಾಡಿದ್ದು ನೀರಿನಲ್ಲಿ ಹೋಮವಾಯಿತು. ಮೂರನೆಯದೇ ಕೊನೆ, ಅಂಡಗಳು ಮುಗಿಯುತ್ತಾ ಬಂದಿವೆ, ಆಮೇಲೆ ಸುಮ್ಮನೆ ಆಸೆ ಹುಟ್ಟಿಸಲಾರೆ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು.

ಎರಡನೆಯ ಸಲ ವೀರ್ಯ ಕೊಡಲೆಂದು ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಅಣ್ಣ ಎರಡು ತಾಸು ಬೆವರಿದ್ದ. ಹೊರಗೆ ಕಾಯುವವರ ಕೆಮ್ಮು, ಬಾಗಿಲು ತಟ್ಟುವ ಸದ್ದು. ಪಾಪ, ನಾಚಿಕೆಯ ಮುದ್ದೆ ಅವನು. ಹಾಗಾಗಿ ಈ ಸಲ ಮನೆಯಿಂದಲೇ ತರಬಹುದು ಎಂದರು. ಡಬ್ಬಿಯನ್ನು ಅಂಗಿಯೊಳಗೆ ಮೈಗೆ ಒತ್ತಿಕೊಂಡು ಒಂದು ತಾಸಿನೊಳಗೆ ತನ್ನಿ ಎಂದು ನರ್ಸ್ ಹೇಳಿದಾಗ ಅಣ್ಣ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನದು ಎತ್ತಿದ ಕೈ. ಮಾಡುವುದು ಮಾತ್ರ ತನಗೆ ತೋಚಿದ್ದನ್ನೇ.

ಅತ್ತಿಗೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದಳು. ಸುಡುಬಿಸಿಲು, ಬಸ್ಸಿನ ತುಂಬ ಜನ. ಮೈಶಾಖಕ್ಕೆ ಇದು ಕೆಡದೆ ಇರುತ್ತದೆಯೇ ಎಂದುಕೊಂಡ ಅಣ್ಣ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಐಸ್ ಹಾಸಿ, ನಡುವೆ ಮಲಗಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಹೊರತೆಗೆದು, ತೇವ ಒರೆಸಿ ಕೊಟ್ಟ. ಇಷ್ಟು ಜೋಪಾನವಾಗಿ ಜನ್ಮದಲ್ಲಿ ಏನನ್ನೂ ತಂದಿರಲಿಲ್ಲವಂತೆ.

ಕಾಯುತ್ತಾ ಕೂತಿದ್ದಾಗ ನರ್ಸ್ ಇನ್ನೊಬ್ಬರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ತಣ್ಣಗೆ ಆಗೋಕೆ ಬಿಡ್ಬೇಡಿ. ತಣ್ಣಗಾದ್ರೆ ಸತ್ತೋಗ್ತವೆ."

ಅಣ್ಣ ಐಸಿನ ಪೆಟ್ಟಿಗೆಯನ್ನು ಕಾಲಿನಿಂದ ಬೆಂಚಿನಡಿಗೆ ಸರಿಸಿದ. ಅಷ್ಟರಲ್ಲಿ ಡಾಕ್ಟರಮ್ಮ ಗಂಡಹೆಂಡತಿ ಇಬ್ಬರನ್ನೂ ಒಳಗೆ ಕರೆದರು. ಜೀವ ಇರುವುದು ಬೆರಳೆಣಿಕೆಯಷ್ಟು, ಭರವಸೆ ಕೊಡಲಾರೆ ಎಂದು ಹೇಳಿ, ಹೇಗೆ ತಂದಿರಿ ಎಂದು ಕೇಳಿದರು. ಜೇಬಿನಲ್ಲಿ ಎಂದ ನನ್ನ ಅಣ್ಣ. ಅವನು ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ, ಹೇಳುವ ದಿನ ನೋಡಿ ಹೇಳಿದ. ಇನ್ನೊಮ್ಮೆ ಕೊಡಲು ಆಗುತ್ತದೆಯೇ ಎಂದು ಅದೇ ಕೋಣೆಗೆ ಕಳಿಸಿದರು. ಬರಿಗೈಯಲ್ಲಿ ಹೊರಗೆ ಬಂದ. ಅತ್ತಿಗೆ ಮಾತ್ರ, ಇರುವಷ್ಟನ್ನೇ ಒಳಗೆ ಬಿಡಿ, ಒಂದು ಸಾಕಲ್ಲ ಎಂದು ಹಟ ಹಿಡಿದು ಮಾಡಿಸಿಕೊಂಡಳು.

ಆಮೇಲಿನ ಎರಡು ವಾರ ನಾನು ಅವರ ಮನೆಯಲ್ಲೇ ಇದ್ದೆ. ಅತ್ತಿಗೆ ಮೆಲ್ಲಗೆ ನಡೆಯುತ್ತಿದ್ದಳು, ಏನೇನೋ ಗುನುಗುತ್ತಿದ್ದಳು. ಒಂದು ಸಂಜೆ, ಹುಟ್ಟುವ ಕೂಸಿಗೆ ಅಪ್ಪನ ಮೂಗು ಬಂದರೆ ಏನು ಗತಿ ಎಂದು ನನ್ನನ್ನು ನಗಿಸಿದಳು. ಅಣ್ಣ ಕೂಡ ನಕ್ಕ. ಅವನ ಊಟ ಅರ್ಧಕ್ಕರ್ಧ ಇಳಿದಿತ್ತು. ನಾನು ಅದನ್ನು ಆತಂಕ ಎಂದುಕೊಂಡೆ, ಮಂಕುದಿಣ್ಣೆ ನಾನು.

ಹದಿನೈದನೆಯ ದಿನ ಬಚ್ಚಲಿನಿಂದ ಬಂದ ಅತ್ತಿಗೆಯ ಮುಖ ನೋಡಿಯೇ ನನಗೆ ತಿಳಿಯಿತು. ಅವಳು ಅಣ್ಣನ ಎದುರು ನೆಲದ ಮೇಲೆ ಕೂತಳು. "ನಿಮ್ಗೊಂದು ಮಗು ಕೊಡೋಕೆ ನನ್ ಕೈಲಿ ಆಗ್ಲಿಲ್ಲ. ಮನಸ್ಸಿಗೆ ಹಚ್ಕೋಬೇಡಿ."

ಅಣ್ಣನಿಗೆ ಅದನ್ನು ತಡೆಯಲಾಗಲಿಲ್ಲ. ಪೆಟ್ಟಿಗೆ, ಐಸು, ನರ್ಸಿನ ಮಾತು, ಜೇಬಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡಲಿಲ್ಲ.

ಅತ್ತಿಗೆ ಐಸಿನ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಎರಡು ವಾರ ಯಾಕೆ ಹೇಳ್ಲಿಲ್ಲ?" ಎಂದಳು.

"ನೀನು ಖುಷಿಯಾಗಿದ್ದೆ."

ಅವಳು ನೆಲಕ್ಕೆ ಕೈಯೂರಿ ಎದ್ದಳು. "ಹೌದು, ಇದ್ದೆ" ಎಂದಳು.