ಮೆಹಬೂಬನ ಎಡ ಮೊಣಕಾಲು

ಕೊರೋನಾ ಮುಗಿದ ಮರುವರ್ಷ. ನಾನಾಗ ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಕೋಲ್ಕತ್ತದ ಹೆಸರಾಂತ ಫುಟ್‌ಬಾಲ್ ಕ್ಲಬ್ಬೊಂದು ನಮ್ಮ ಜಿಲ್ಲಾ ತಂಡದೊಡನೆ ಸೌಹಾರ್ದ ಪಂದ್ಯವಾಡಲು ಬರುತ್ತದೆ ಎಂದಾಗ ಊರಲ್ಲಿ ಮೊದಲು ಯಾರೂ ನಂಬಲಿಲ್ಲ. ನಮ್ಮ ಆಟಗಾರರ ತಪಾಸಣೆ ನನ್ನ ಪಾಲಿಗೆ ಬಂತು. ಟಿವಿಯಲ್ಲಿ ನೋಡಿದವರ ಪಕ್ಕದ ಬೆಂಚಿನಲ್ಲಿ ಕೂರುತ್ತೇನೆಂದು ನಾನೂ ಉಬ್ಬಿಹೋಗಿದ್ದೆ.

ಪಂದ್ಯದ ಹಿಂದಿನ ದಿನ ತಪಾಸಣೆ. ಹದಿನೆಂಟು ಮಂದಿಯಲ್ಲಿ ಹದಿನೇಳು ಜನ ಸರಿಯಿದ್ದರು. ಉಳಿದವನು ಇಳಕಲ್ಲಿನ ಮೆಹಬೂಬ, ಇಪ್ಪತ್ತಾರು ವರ್ಷದ ಫಾರ್ವರ್ಡ್, ತಂಡದ ಅತ್ಯುತ್ತಮ ಆಟಗಾರ. ಎಡ ಮೊಣಕಾಲು ಊದಿತ್ತು. ಮೊಣಕಾಲಿನೊಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಹಗ್ಗದಂಥ ಪಟ್ಟಿಯೊಂದಿದೆ. ಅದನ್ನು ಎಸಿಎಲ್ ಎನ್ನುತ್ತೇವೆ. ಕೆಳಗಾಲನ್ನು ಹಿಡಿದು ಮುಂದಕ್ಕೆಳೆದು ನೋಡಿದೆ. ಬಲಗಾಲಿಗಿಂತ ಸಡಿಲವಾಗಿತ್ತು. ಪಟ್ಟಿ ಅರ್ಧ ಹರಿದಿರಬೇಕು, ಎಂಆರ್‌ಐ ಆಗುವವರೆಗೆ ಓಡಬೇಡ ಎಂದೆ.

ಅವನು ಮೇಜಿನಿಂದ ಇಳಿಯಲೇ ಇಲ್ಲ.

“ಇವ್ರು ಮತ್ತ ನಮ್ಮೂರಿಗೆ ಎಲ್ಲಿ ಬರ್ತಾರ್ರಿ ಡಾಕ್ಟ್ರ? ಹತ್ತ ನಿಮಿಷ ಆಡ್ತೇನಿ. ಆಮ್ಯಾಲ ನೀವು ಹೇಳ್ದಂಗ ಕೇಳ್ತೇನಿ.”

ತಂಡದ ಮ್ಯಾನೇಜರೂ ಬಂದು, ಇಳಕಲ್ಲಿನಿಂದ ಎರಡು ಬಸ್ಸು ಜನ ಇವನನ್ನೇ ನೋಡಲು ಬರುತ್ತಿದ್ದಾರೆ ಎಂದರು. ಎಲ್ಲರ ಕಣ್ಣಲ್ಲಿ ಕೆಟ್ಟವನಾಗಲು ನನಗೆ ಮನಸ್ಸಾಗಲಿಲ್ಲ. ಕಾಲಿಗೆ ಟೇಪು ಸುತ್ತಿ, ಹತ್ತೇ ನಿಮಿಷ ಎಂಬ ಷರತ್ತು ಹಾಕಿ, ಫಾರ್ಮಿನಲ್ಲಿ ‘ಫಿಟ್’ ಎಂದು ಬರೆದೆ. ಹೊಟ್ಟೆಪಾಡಿಗೆ ಏನು ಮಾಡುತ್ತೀಯ ಎಂದು ಕೇಳುವುದೂ ನನಗೆ ಹೊಳೆಯಲಿಲ್ಲ.

ಕೊನೆಯ ಹತ್ತು ನಿಮಿಷಕ್ಕೆ ಅವನನ್ನು ಆಡಲು ಬಿಟ್ಟರು. ನಾವು ಮೂರು ಗೋಲಿನಿಂದ ಹಿಂದಿದ್ದೆವು, ಆದರೂ ಮೈದಾನವೆಲ್ಲ ಕೇಕೆ. ನಾಲ್ಕನೇ ನಿಮಿಷದಲ್ಲಿ ಚೆಂಡು ಸಿಕ್ಕಿತು. ಒಬ್ಬ ಡಿಫೆಂಡರನನ್ನು ದಾಟಿದ, ಇನ್ನೊಬ್ಬನನ್ನು ತಪ್ಪಿಸಲು ಎಡಗಾಲೂರಿ ತಿರುಗಿದ. ಯಾರೂ ಅವನನ್ನು ಮುಟ್ಟಲಿಲ್ಲ. ತಾನೇ ಬಿದ್ದ. ಓಡಿಹೋಗಿ ಕಾಲು ಹಿಡಿಯುವ ಮೊದಲೇ, ಪಟ್ಟಿ ಪೂರ್ತಿ ಹರಿದಿದೆ ಎಂದು ನನಗೆ ಗೊತ್ತಾಗಿತ್ತು. ಆ ಕ್ಲಬ್ಬಿನ ಕ್ಯಾಪ್ಟನ್ ತನ್ನ ಜೆರ್ಸಿ ಬಿಚ್ಚಿ ಸ್ಟ್ರೆಚರಿನ ಮೇಲಿಟ್ಟ. ಜನ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

ಆಪರೇಷನ್ನಾಯಿತು, ಆದರೆ ಕಾಲಿಗೆ ಮೊದಲಿನ ಬಲ ಬರಲಿಲ್ಲ. ಎಂಟು ತಿಂಗಳ ಮೇಲೆ ಇಳಕಲ್ಲಿಗೆ ಅವನ ಮನೆಗೆ ಹೋದಾಗಲೇ ನನಗೆ ತಿಳಿದದ್ದು, ಅವನು ಸೀರೆ ನೇಯುವವನು. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ದಿನವಿಡೀ ಎರಡೂ ಕಾಲಿನಿಂದ ಹಲಗೆ ತುಳಿಯಬೇಕು. ಮಗ್ಗದಲ್ಲಿ ಅವನ ತಂಗಿ ಕೂತಿದ್ದಳು. ಅವನು ಗೋಡೆಗೊರಗಿ, ಕಾಲು ಚಾಚಿ, ಮುದುಕರು ಮಾಡುವ ನೂಲು ಸುತ್ತುವ ಕೆಲಸ ಮಾಡುತ್ತಿದ್ದ. ತಪ್ಪಾಯಿತು ಎಂದೆ. ಚಹಾ ತರಿಸಿದ. ಲೋಟ ನನ್ನ ಕೈಗಿಟ್ಟು ಹೇಳಿದ:

“ಅವತ್ತ ನೀವು ಒಲ್ಲೆ ಅಂದಿದ್ರ ನಾ ನಿಮ್ಮ ಮ್ಯಾಲ ಸಿಟ್ಟಾಗ್ತಿದ್ನಿರಿ ಡಾಕ್ಟ್ರ. ಅಷ್ಟ ಆಗ್ತಿತ್ತು.”

ಈಗ ಯಾರೇ ಬರಲಿ, ಏನು ಕೆಲಸ ಮಾಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಅದೂ ಈ ವೃತ್ತಿಯ ಭಾಗವೇ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇಲ್ಲಿ ಕೆಟ್ಟದ್ದು ಅವನ ಕಾಲು, ಬುದ್ಧಿ ಬಂದದ್ದು ನನಗೆ.