ಓಬಳಯ್ಯ ಬಿಟ್ಟುಕೊಟ್ಟ ಮಾತು

ನಿಡುಗಲ್ಲಿನ ನಮ್ಮ ಬೀದಿಯಲ್ಲಿ ಆರು ವರ್ಷದ ಗಗನಾ ಓಬಳಯ್ಯನನ್ನು ಹೆಸರು ಹಿಡಿದೇ ಕೂಗುತ್ತಿದ್ದಳು. ಅದಕ್ಕೆ ಮೂಗು ಮುರಿದವರ ಜೊತೆಗೆಲ್ಲ ನಾನೇ ಜಗಳ ಆಡಿದ್ದೇನೆ. ಕಾರಣ ತಿಳಿಯದೆ ಮಾತಾಡಬಾರದು, ನೋಡಿ.

ಓಬಳಯ್ಯನ ಹೆಂಡತಿ ಕೆಂಚಮ್ಮ. ಅವಳ ತಮ್ಮ ಪ್ರಸನ್ನ ಕುಮಾರ್ ಉಕ್ರೇನಿನಲ್ಲಿ ಡಾಕ್ಟರಿ ಓದಿ, ಅಲ್ಲಿಯ ಡಾಕ್ಟರ್ ಒಕ್ಸಾನಾಳನ್ನೇ ಮದುವೆಯಾಗಿದ್ದ. ಯುದ್ಧ ಶುರುವಾದಾಗ ಎರಡೂವರೆ ವರ್ಷದ ಮಗಳು ಗಗನಾಳನ್ನು ತಂದು ಅಕ್ಕನ ಮಡಿಲಿಗೆ ಹಾಕಿ, ಗಾಯಾಳುಗಳನ್ನು ಬಿಟ್ಟು ಬರಲೊಪ್ಪದ ಹೆಂಡತಿಯ ಬಳಿಗೆ ವಾಪಸು ಹೋದ.

ಮಗುವಿಗೆ ಕನ್ನಡದ ಗಂಧವಿಲ್ಲ. ಹಗಲೆಲ್ಲ ‘ಮಾಮ, ಮಾಮ’ ಅಂತ ಒಂದೇ ಅಳು. ನಮ್ಮ ಕಡೆ ತೆಲುಗಿನ ಗಾಳಿ, ಅತ್ತೆಯ ಗಂಡನನ್ನು ಮಾಮ ಅನ್ನುತ್ತೇವೆ. ಮಕ್ಕಳಿಲ್ಲದ ಓಬಳಯ್ಯ ಉಬ್ಬಿಹೋದ! ‘ನೋಡ್ರಲಾ, ಬಂದ್ ದಿನಾನೇ ನನ್ನೇ ಕೇಳ್ತೈತೆ!’ ಅಂತ ತಿರುಮಣಿಯ ಸೋಲಾರ್ ಪಾರ್ಕಿನ ಸೆಕ್ಯೂರಿಟಿ ಕೆಲಸಕ್ಕೆ ರಜಾ ಹಾಕಿ, ಹೆಗಲ ಮೇಲೆ ಹೊತ್ತು ತಿರುಗಿದ. ಅದು ಇನ್ನೂ ಜೋರಾಗಿ ಅತ್ತಿತು. ಮೂರನೇ ದಿನ ಪ್ರಸನ್ನ ಫೋನಿನಲ್ಲಿ ಹೇಳಿದ: ‘ಭಾವ, ಅವ್ರ ಭಾಷೇಲಿ ಮಾಮ ಅಂದ್ರೆ ಅಮ್ಮ.’

ಓಬಳಯ್ಯ ಗೋಡೆಗೆ ಮುಖ ತಿರುಗಿಸಿ ಗಳಗಳ ಅತ್ತುಬಿಟ್ಟ. ಆಮೇಲೆ ಹೆಂಡತಿಗೆ ಹೇಳಿದ: ‘ನನ್ನ ಮಾಮ ಅನ್ನಿಸ್ಬ್ಯಾಡ ಕಣೆ. ಆ ಮಾತು ಅವ್ಳವ್ವಂದು. ನನಗೂ ಅಂಗೇ ಅಂತಿದ್ರೆ ಅವ್ವನ್ನ ಮರ್ತ್‌ಬುಡ್ತೈತೆ. ಹೆಸ್ರಿಡ್ದೇ ಕೂಗ್ಲಿ ಬುಡು.’

ದಿನಾ ಸಂಜೆ ವೀಡಿಯೊ ಕಾಲ್. ಅಲ್ಲಿ ಕರೆಂಟಿಲ್ಲದೆ ಫೋನ್ ಬಾರದ ದಿನ ಒಕ್ಸಾನಾಳ ಫೋಟೊ ಹಿಡಿದು ‘ಇದ್ಯಾರವ್ವ?’ ಅಂತ ಕೇಳುವನು. ‘ಮಾಮ’ ಅಂದ ಮೇಲೇ ಊಟ. ಮೂರೂವರೆ ವರ್ಷ, ಒಂದು ದಿನ ತಪ್ಪಿಸಲಿಲ್ಲ. ಎಷ್ಟು ಓದಿದವರಿಗೆ ಬಂದೀತು ಈ ಬುದ್ಧಿ?

ಹೋದ ತಿಂಗಳು ಒಕ್ಸಾನಾ ಬಂದಳು. ಮಗು ಹತ್ತಿರ ಹೋಗದಿದ್ದರೆ ಏನು ಗತಿ ಅಂತ ಓಬಳಯ್ಯ ಬೆಳಗಿನಿಂದ ಕಾಫಿಯನ್ನೂ ಮುಟ್ಟಿರಲಿಲ್ಲ. ಕಾರಿನ ಬಾಗಿಲು ತೆಗೆದಿದ್ದೇ ತಡ, ಗಗನಾ ‘ಮಾಮಾ!’ ಅಂತ ಚೀರಿ ಓಡಿದಳು. ಬೀದಿಯ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡೆವು. ಅಬ್ಬಾ, ನಮ್ಮ ಓಬಳಯ್ಯ ಗೆದ್ದಿದ್ದ!

ಒಕ್ಸಾನಾ ಮಗಳನ್ನು ಎತ್ತಿಕೊಂಡೇ ಬಾಗಿಲಲ್ಲಿ ನಿಂತಿದ್ದ ಅವನ ಮುಂದೆ ಬಂದಳು. ಗಂಡನಿಂದ ಕಲಿತು ಬಂದಿದ್ದು ಒಂದೇ ಒಂದು ಕನ್ನಡ ಮಾತು. ತಡವರಿಸಿ ಅಂದಳು: ‘ಅಣ್ಣಾ.’

ಒಡಹುಟ್ಟಿದವರೇ ಇಲ್ಲದ ಮನುಷ್ಯ. ಕೆಂಚಮ್ಮನೇ ಗದರಿದಳು: ‘ಏನಿಂಗ್ ನಿಂತ್‌ಬುಟ್ರಿ? ತಂಗಿ ತವ್ರಿಗೆ ಬಂದವ್ಳೆ, ಒಳಕ್ಕೆ ಕರೀರಿ!’