ಪಟ್ಟಿಯಲ್ಲಿದ್ದ ಬೈಗುಳ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಲ್ಲಿ, ಮಿಕ್ಕ ಬಣ್ಣದ ನೂಲನ್ನೆಲ್ಲ ಸೇರಿಸಿ ನೇಯ್ದ, ಒಂದಕ್ಕೊಂದು ಹೊಂದದ ಸೀರೆಯನ್ನು ‘ಹಕ್ಕಿಪಿಕ್ಕಿ’ ಎನ್ನುತ್ತಿದ್ದರು. ತಲೆ ಬಾಚದೆ ಶಾಲೆಗೆ ಹೊರಟ ದಿನ ನಾನೂ ಹಕ್ಕಿಪಿಕ್ಕಿ. ಬಸ್ ನಿಲ್ದಾಣದಲ್ಲಿ ಮಣಿಸರ, ಪಿನ್ನು ಮಾರುವ ಹೆಂಗಸರ ಜನಾಂಗದ ಹೆಸರು ಅದು ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಪಕ್ಕದಲ್ಲೇ ನಿಂತಿದ್ದರೂ ಆ ಮಾತಾಡುವಾಗ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಅವರು ತಮ್ಮನ್ನು ವಾಗ್ರಿ ಎಂದು ಕರೆದುಕೊಳ್ಳುತ್ತಾರೆ ಎಂಬುದು ನನಗೆ ತಿಳಿದದ್ದು ವರದಿಗಾರನಾದ ಮೇಲೆ.

ತೊಂಬತ್ತರ ದಶಕದ ಆರಂಭದಲ್ಲಿ ಪಕ್ಕದ ತಾಲ್ಲೂಕಿನ ಸುದ್ದಿಯನ್ನೂ ನಾನೇ ಕಳಿಸುತ್ತಿದ್ದೆ. ಆ ತಾಲ್ಲೂಕಿನ ಹೆಸರು ಇಲ್ಲಿ ಬೇಡ. ಅದರ ಕಚೇರಿಗೆ ಅಷ್ಟು ಮರ್ಯಾದೆ ಸಲ್ಲಬೇಕಿಲ್ಲ. ಅಲ್ಲಿನ ಹಕ್ಕಿಪಿಕ್ಕಿ ಕಾಲೊನಿಯ ಕೊಳವೆಬಾವಿ ಕೆಟ್ಟಿತ್ತು. ಬರೆದು ಕಳಿಸಿದೆ. ಬೆಂಗಳೂರಿನ ಡೆಸ್ಕಿನಲ್ಲಿದ್ದ ಉಪಸಂಪಾದಕ ಆಗಷ್ಟೇ ಪದಬಳಕೆಯ ಕಮ್ಮಟವೊಂದನ್ನು ಮುಗಿಸಿ ಬಂದಿದ್ದ. ಹಕ್ಕಿಪಿಕ್ಕಿ ಅವಹೇಳನದ ಪದವೆಂದು ತೀರ್ಮಾನಿಸಿ, ಅದನ್ನು ಹೊಡೆದುಹಾಕಿ ‘ಅಲೆಮಾರಿ ವ್ಯಾಪಾರಿಗಳು’ ಎಂದು ಹಾಕಿದ. ಆ ಜನ ಹೆಂಚಿನ ಮನೆ ಕಟ್ಟಿಕೊಂಡು ಅಲ್ಲೇ ನೆಲೆಸಿ ಎಷ್ಟೋ ವರ್ಷವಾಗಿತ್ತು. ಕೊಳವೆಬಾವಿ ರಿಪೇರಿಯಾಗಲಿಲ್ಲ. ಪದ ಮಾತ್ರ ರಿಪೇರಿಯಾಯಿತು. ಅಚ್ಚಾದದ್ದನ್ನು ಓದಿ ನಾನೂ ಮೆಚ್ಚಿದ್ದೆ.

ಎರಡು ವಾರದ ನಂತರ ಕಾಲೊನಿಯ ಯುವತಿಯೊಬ್ಬಳು ಅದೇ ಸುದ್ದಿಯ ತುಣುಕು ಹಿಡಿದು ನಮ್ಮ ಮನೆಗೆ ಬಂದಳು. ಎಸ್ಸೆಸ್ಸೆಲ್ಸಿ ಪಾಸಾದ ಅವಳಿಗೆ ನರ್ಸ್ ತರಬೇತಿಗೆ ಪರಿಶಿಷ್ಟ ಪಂಗಡದ ಸೀಟು ಸಿಗುವಂತಿತ್ತು. ಜಾತಿ ಪ್ರಮಾಣಪತ್ರ ಸಲ್ಲಿಸಲು ಉಳಿದಿದ್ದು ಹನ್ನೊಂದು ದಿನ. ತಾಲ್ಲೂಕು ಕಚೇರಿಯಿಂದ ಮನೆಗೆ ವಿಚಾರಣೆಗೆ ಬಂದವರು ನೀವು ಯಾರು ಎಂದು ಕೇಳಿದಾಗ ಅವಳ ತಾಯಿ ‘ವಾಗ್ರಿ’ ಎಂದುಬಿಟ್ಟಿದ್ದಳು. ಸರ್ಕಾರದ ಪಟ್ಟಿಯಲ್ಲಿ ಆ ಹೆಸರಿಲ್ಲ, ಹಕ್ಕಿಪಿಕ್ಕಿ ಎಂದಿದೆ. ಅದನ್ನು ಸರಿಪಡಿಸಿಕೊಳ್ಳಲು ಹೋದರೆ ಗುಮಾಸ್ತ ನಮ್ಮ ಸುದ್ದಿಯನ್ನು ಕತ್ತರಿಸಿ ಫೈಲಿಗೆ ಅಂಟಿಸಿದ್ದ.

ಮರುದಿನ ಬೆಳಿಗ್ಗೆ ಅವಳ ಜೊತೆ ಕಚೇರಿಗೆ ಹೋದೆ. ಗುಮಾಸ್ತ ನನ್ನನ್ನು ಕಂಡು ಖುಷಿಪಟ್ಟ.

“ನೀವೇ ಬರ್ದಿದೀರಲ್ಲಪ್ಪಾ, ವ್ಯಾಪಾರಿಗಳು ಅಂತ. ವ್ಯಾಪಾರಿ ಅಂದ್ಮೇಲೆ ಶೆಟ್ರ ಲೆಕ್ಕ. ಟ್ರೈಬು ಹೆಂಗಾಯ್ತದೆ?”

ಪಕ್ಕದ ಮೇಜಿನವರು ನಕ್ಕರು. ಅವಳು ನಗಲಿಲ್ಲ.

“ಹಕ್ಕಿಪಿಕ್ಕಿ ಅಂತ ಬರ್ಕೊಳ್ಳಿ ಸಾರ್.”

“ಹಂಗಂದ್ರೆ ನಿಮ್ಮೋರೇ ಜಗಳಕ್ಕೆ ಬತ್ತಾರೆ ಕಣಮ್ಮಾ. ಕೆಟ್ಟ ಮಾತಂತೆ. ಪೇಪರ್ನೋರೇ ಬುಟ್ಬುಟ್ಟವ್ರೆ.”

“ನಾನು ಒಳಗೆ ಬಂದಾಗ ನೀವೇ ಅಂದ್ರಿ, ಹಕ್ಕಿಪಿಕ್ಕಿ ಬಂದ್ಲು ಅಂತ. ಬಾಯಲ್ಲಿ ಬರೋದು ಪೆನ್ನಲ್ಲಿ ಯಾಕೆ ಬರಲ್ಲ ಸಾರ್?”

ಪತ್ರಿಕೆಯಲ್ಲಿ ತಿದ್ದುಪಡಿ ಬಂದರೆ ನೋಡೋಣ ಎಂದ. ಅಷ್ಟೇ ಉತ್ತರ.

ಡೆಸ್ಕಿಗೆ ಫೋನ್ ಮಾಡಿದೆ. ಆ ಜನಾಂಗದ ಭಾವನೆಗೆ ನೋವಾಗಬಾರದಲ್ಲವೇ ಎಂದು ಉಪಸಂಪಾದಕ ನನಗೆ ತಿಳಿಹೇಳಿದ. ಜನಾಂಗದವಳೊಬ್ಬಳು ನನ್ನ ಪಕ್ಕದಲ್ಲೇ ಇದ್ದಾಳೆ, ಮಾತಾಡಿ ಎಂದೆ. ಅವನಿಗೆ ಬಿಡುವಿರಲಿಲ್ಲ. ನಾಲ್ಕು ದಿನ ಕಾಡಿದ ಮೇಲೆ ಐದನೆಯ ದಿನ ಒಳಪುಟದ ಮೂಲೆಯಲ್ಲಿ ಬಂತು: ‘ಅಲೆಮಾರಿ ವ್ಯಾಪಾರಿಗಳು ಎಂಬುದನ್ನು ಹಕ್ಕಿಪಿಕ್ಕಿ ಎಂದು ಓದಿಕೊಳ್ಳಬೇಕು. ವಿಷಾದಿಸುತ್ತೇವೆ.’

ನಮ್ಮ ವೃತ್ತಿಯಲ್ಲಿ ಆ ಕೊನೆಯ ಪದಕ್ಕೆ ಅರ್ಥವೇ ಇಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ಪ್ರತಿ ತಿದ್ದುಪಡಿಯ ಬಾಲಕ್ಕೆ ಅದು ಅಂಟಿಕೊಂಡು ಬಂದಿದೆ. ಗುಮಾಸ್ತ ಮಾತ್ರ ಅರ್ಥ ಹುಡುಕಿದ. ವಿಷಾದ ಯಾವುದಕ್ಕೆ, ಮೊದಲ ಪದಕ್ಕೋ ಎರಡನೆಯದಕ್ಕೋ? ಸ್ಪಷ್ಟೀಕರಣ ಕೋರಿ ಫೈಲನ್ನು ಮೇಲಕ್ಕೆ ಕಳಿಸಿದ. ಅದು ಇಳಿದು ಬಂದದ್ದು ಇಪ್ಪತ್ತು ದಿನಕ್ಕೆ. ಪ್ರಮಾಣಪತ್ರದಲ್ಲಿ ಹಕ್ಕಿಪಿಕ್ಕಿ ಎಂದು ದುಂಡಗೆ ಬರೆದಿತ್ತು, ಕಾಗುಣಿತದ ತಪ್ಪೂ ಇರಲಿಲ್ಲ. ಸೀಟು ಬೇರೆಯವರ ಪಾಲಾಗಿತ್ತು.

ಪ್ರಮಾಣಪತ್ರವನ್ನು ಅವಳು ನನಗೆ ತೋರಿಸಲು ತಂದಿದ್ದಳು. ತಿದ್ದುಪಡಿಯ ತುಣುಕೂ ಜೊತೆಗಿತ್ತು.

“ಅಣ್ಣಾ, ಇದ್ರಲ್ಲಿ ವಿಷಾದ ಅಂತ ಐತಲ್ಲ, ಯಾರಿಗೆ ಹೇಳಿದ್ದು?”

ಓದುಗರಿಗೆ ಎಂದೆ. ಅದು ನಿಜವೂ ಆಗಿತ್ತು. ಅವಳು ತುಣುಕನ್ನು ಮೇಜಿನ ಮೇಲೆ ಬಿಟ್ಟು, ಪ್ರಮಾಣಪತ್ರವನ್ನಷ್ಟೇ ಮಡಿಸಿಕೊಂಡು ಹೊರಟಳು.